ತಿಳಿಯದೆ ತಿಂದವರಿಗೆ ಪಾಪವಿಲ್ಲ

ಏಳನೇ ಕ್ಲಾಸಿನ ಪುಸ್ತಕ ಕಿತ್ತುಕೊಂಡು ಅವನ ಕೈಗೆ ಸೌಟು ಕೊಟ್ಟವನು ಭಾವನೇ. "ಓದಿ ಯಾರೋ ಉದ್ಧಾರ ಆಗಿರೋದು? ಬಾ, ಕಾರ್ಖಾನೆ ನಮ್ಮಿಬ್ಬರದು" ಅಂದಿದ್ದ. ಒಂಬತ್ತು ವರ್ಷ ಅವನು ಜೆಲ್ಲಿ ಮಿಠಾಯಿಯ ಪಾಕ ಕಾಯಿಸಿದ. ಮೊಣಕೈತನಕ ಸುಟ್ಟ ಕಲೆ. ಪಾಕದ ಕೋಣೆಗೆ ಒಬ್ಬ ಹೊಣೆಗಾರ ಬೇಕು ಎಂದು ಹಲಾಲ್ ಸರ್ಟಿಫಿಕೇಟಿನವರು ಹೇಳಿದ್ದೇ ತಡ, ಅದೇ ಭಾವ ಹೊರಗಿನವನೊಬ್ಬನನ್ನು ಕರೆತಂದ. ಇವನಿಗೆ ಪ್ಯಾಕಿಂಗ್ ಮೇಜು ತೋರಿಸಿದ.

"ಫಾರಂ ತುಂಬೋಕೆ ಓದಿದವನು ಬೇಕಲ್ಲೋ."

ಓದು ಬಿಡಿಸಿದ ಬಾಯಿ, ಓದಿಲ್ಲ ಅಂದ ಬಾಯಿ, ಎರಡೂ ಒಂದೇ. ಏರಿದ ಏಣಿ ಒದೆಯುವುದು ಅಂದರೆ ಇದೇ. ಅಂದಿನಿಂದ ಅವನು ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಮ್ಮ ಅಲ್ಲೇ ಇದ್ದರೂ.

ಹೊಸಬನಿಗೆ ಅವನೇ 'ಡಿಗ್ರಿ' ಎಂದು ಹೆಸರಿಟ್ಟ. ಡಿಗ್ರಿ ಬಂದ ದಿನವೇ ಎಲ್ಲರನ್ನೂ ನಿಲ್ಲಿಸಿ ಪಾಠ ಮಾಡಿದ: ಜೆಲಟಿನ್ ಎಂದರೆ ಮೂಳೆ, ಚರ್ಮ ಬೇಯಿಸಿ ತೆಗೆದ ಪುಡಿ. ಹಲಾಲಾಗಿ ಕೊಯ್ದ ದನದ್ದಾದರೆ ಸರಿ, ಹಂದಿಯದಾದರೆ ಹರಾಮು. "ಉಪ್ಪಿನ ಗಣಿಗೆ ಬಿದ್ದ ಪ್ರಾಣಿ ಕೊನೆಗೆ ಉಪ್ಪೇ ಆಗುತ್ತೆ, ಇದೂ ಹಾಗೇ ಬದಲಾಗಿ ಶುದ್ಧವಾಗುತ್ತೆ ಅನ್ನೋ ವಿದ್ವಾಂಸರೂ ಇದ್ದಾರೆ. ನಮ್ಮ ಸರ್ಟಿಫಿಕೇಟಿನವರು ಒಪ್ಪಲ್ಲ. ಕಣ್ಣಿಗೆ ಎರಡೂ ಒಂದೇ. ಲ್ಯಾಬಿಗೆ ಮಾತ್ರ ಗೊತ್ತಾಗೋದು."

ಆ ಕೊನೇ ಮಾತು ಅವನ ತಲೆಯಲ್ಲಿ ಗೂಟ ಹೊಡೆದುಕೊಂಡು ಕೂತಿತು.

ಗುರುತಿಲ್ಲದ ಊರಿಗೆ ಹೋಗಿ ಹಂದಿಯ ಜೆಲಟಿನ್ ತಂದ. ಊಟದ ಬಿಡುವಿನಲ್ಲಿ ಉಗ್ರಾಣದ ಮೂಟೆಯನ್ನು ತಲೆಕೆಳಗು ಮಾಡಿ, ತಳದ ಹೊಲಿಗೆ ಬಿಚ್ಚಿ ಪುಡಿ ಬದಲಿಸಿದ. ಅದೇ ದಾರ, ಅದೇ ತೂತು. ಮೇಲಿನ ಸೀಲು ಕದಲಲಿಲ್ಲ. ಸರ್ಟಿಫಿಕೇಟಿನವರ ತಪಾಸಣೆಯ ದಿನ ಆ ಮೂಟೆಯದೇ ಸರದಿ. ವಾರದೊಳಗೆ ಲ್ಯಾಬಿನ ರಿಪೋರ್ಟು. ಡಿಗ್ರಿ ಮನೆಗೆ, ಭಾವನ ಬೋರ್ಡು ಮಣ್ಣಿಗೆ. ನಡುವೆ ಯಾರಾದರೂ ತಿಂದರೆ? ತಿಳಿಯದೆ ತಿಂದವರಿಗೆ ಪಾಪವಿಲ್ಲ. ತಿನ್ನಿಸಿದ ಪಾಪವನ್ನೂ ಅವನು ಭಾವನ ತಲೆಗೇ ಕಟ್ಟಿದ.

ಆ ದಿನ ಎಲ್ಲವೂ ಗೆರೆ ಎಳೆದಂತೆ ನಡೆಯಿತು. ಮೂಟೆ ಬಿಚ್ಚಿದರು, ಪಾಕ ಹುಯ್ದರು, ಅಧಿಕಾರಿ ಸ್ಯಾಂಪಲ್ಲಿಗೆ ಮೊಹರು ಹಾಕಿದ. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು.

ಅಚ್ಚಿನ ಜೆಲ್ಲಿ ಗಟ್ಟಿಯಾಗುವ ಹೊತ್ತಿಗೆ ಭಾವ ಅಮ್ಮನ ಕೈಹಿಡಿದು ಒಳಗೆ ಬಂದ. "ಮೊದಲ ತುತ್ತು ಅತ್ತೆಯದೇ. ಕೂತ್ಕೊಳ್ಳಿ." ಡಿಗ್ರಿ ಒಂದು ತಟ್ಟೆ ಕೆಂಪು ಜೆಲ್ಲಿ ತಂದಿಟ್ಟ.

"ಮುಖ ತೋರಿಸಿ ಎರಡು ತಿಂಗಳಾಯ್ತಲ್ಲೋ" ಎಂದಳು ಅಮ್ಮ, ತುಂಡು ಎತ್ತಿಕೊಳ್ಳುತ್ತ. "ನೀನೇ ಕಾಯಿಸಿದ್ದಾ?"

ತಿಳಿಯದೆ ತಿಂದವರಿಗೆ ಪಾಪವಿಲ್ಲ ಎಂದು ಅವನು ತನಗೇ ಹೇಳಿಕೊಂಡ. ಇನ್ನೊಮ್ಮೆ ಹೇಳಿಕೊಂಡ. ಐದು ಹೊತ್ತೂ ದೇವರ ಹೆಸರು ಹೇಳುವ ಬಾಯಿ ಅದು. ತುಂಡು ತುಟಿಗೆ ತಾಗಿತು. ಅವನು ಕೈ ಬೀಸಿದ ಹೊಡೆತಕ್ಕೆ ತಟ್ಟೆ ಹಾರಿ ಗೋಡೆಗೆ ಬಡಿಯಿತು.

"ಉಗಿಯಮ್ಮಾ! ಹಂದೀದು ಅದು! ಮೂಟೆ ಬದಲಿಸಿದ್ದು ನಾನೇ!"

ಅಧಿಕಾರಿ ಮೊಹರು ಹಾಕಿದ ಡಬ್ಬಿಯನ್ನೇ ನೋಡಿದ. ಡಿಗ್ರಿ ಬಗ್ಗಿ ನೆಲದಿಂದ ಒಂದು ತುಂಡು ಆಯ್ದುಕೊಂಡ. "ಇದಕ್ಕೆ ಜೆಲಟಿನ್ನೇ ಹಾಕಿಲ್ಲ ಮಾರಾಯ. ಹಲ್ಲಿಗೆ ಅಂಟುತ್ತೆ ಅಂತ ಅಮ್ಮನಿಗೆ ಕಡಲ ಪಾಚಿ ಪುಡೀಲಿ ಬೇರೇನೇ ಮಾಡಿದ್ದೆ. ಅವರು ಹಲ್ಲು ಕಟ್ಟಿಸಿ ತಿಂಗಳಾಯ್ತು... ನಿನಗೆ ಗೊತ್ತಿರಲಿಲ್ವಾ?"