ಪೆಟ್ರೋಲಿಗೊಂದು ಕೊಸರು

ಮರುದಿನ ಮೂಡಲಗಿಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅದಕ್ಕೂ ಮೊದಲು ಗೋಕಾಕದ ಒಬ್ಬನಿಗೆ ಒಂದು ಮಾತು ಹೇಳಲೇಬೇಕಿತ್ತು. ಹೇಳದಿದ್ದರೆ ಜೀವನಪೂರ್ತಿ ನನ್ನ ಮೇಲೆ ನನಗೇ ಸಿಟ್ಟು ಉಳಿಯುತ್ತಿತ್ತು. ಶನಿವಾರ ಮಧ್ಯಾಹ್ನ ಹುಕ್ಕೇರಿಯಿಂದ ಕಾರು ತೆಗೆದೆ.

ಅವನು ದುಂಡೇಶ, ಮೆಕ್ಯಾನಿಕ್. ಮೊದಲ ಭೇಟಿಯಲ್ಲೇ ನನ್ನಿಂದ ಬೈಸಿಕೊಂಡವನು.

ಆಗ ಅವ್ವ ಸಾತವ್ವನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದಿದ್ದವು. ವಾರಕ್ಕೆ ಮೂರು ದಿನ ಗೋಕಾಕದಲ್ಲಿ ಫಿಜಿಯೋಥೆರಪಿ. ಕಾರಿಗೋ ವಿಚಿತ್ರ ರೋಗ. ಪೆಟ್ರೋಲ್ ಹಾಕಿಸಿದ ಕೂಡಲೇ ಸ್ಟಾರ್ಟ್ ಆಗುತ್ತಿರಲಿಲ್ಲ. ಮೂವರು ಮೆಕ್ಯಾನಿಕ್‌ಗಳು ಬ್ಯಾಟರಿ, ಪ್ಲಗ್ಗು ಎಲ್ಲ ಬದಲಿಸಿ ಕೈಚೆಲ್ಲಿದ್ದರು. ಥೆರಪಿ ತಪ್ಪುತ್ತಿತ್ತು. "ಬಿಡವಾ, ನಾ ಇನ್ನ ಬರೂದಿಲ್ಲ. ನನ್ನ ಕಾಲಿನ ಸಲುವಾಗಿ ನಿನ್ನ ಜೀವಾ ತಿನ್ನೂದು ಸಾಕು" ಎಂದು ಅವ್ವ ಅಳತೊಡಗಿದ್ದಳು.

ಅವ್ವನನ್ನು ಒಲಿಸಿ ಕೂಡಿಸಿಕೊಂಡು ಹೊರಟ ಆ ದಿನವೂ ಗೋಕಾಕದ ಪಂಪಿನಲ್ಲಿ ಗಾಡಿ ನಿಂತಿತು. ಹಿಂದಿನವರ ಹಾರ್ನು. ಯಾರೋ ಕಿಟಕಿ ತಟ್ಟಿದರು.

"ಎಕ್ಸಿಲೇಟರ್ ತಳಾ ಮುಟ್ಟೂವಂಗ ಒತ್ತಿ ಹಿಡದು ಚಾವಿ ತಿರುವ್ರಿ."

"ನನಗ ಗಾಡಿ ಹೊಡ್ಯಾಕ ಬರ್ತೈತ್ರಿ!"

"ನಿಮಗ ಬರ್ತೈತ್ರಿ. ಗಾಡಿಗೆ ಬರವಲ್ದು" ಎಂದು ನಕ್ಕ. ಸಿಟ್ಟಿನಲ್ಲೇ ಒತ್ತಿದೆ. ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಯಿತು. ನನ್ನ ಮುಖ ಕೆಂಪಾಯಿತು.

ಅಲ್ಲಿಂದ ತನ್ನ ಗ್ಯಾರೇಜಿಗೆ ಕರೆದೊಯ್ದ ದುಂಡೇಶ ಮೊದಲು ಮುಟ್ಟಿದ್ದು ಗಾಡಿಯನ್ನಲ್ಲ. ಯಾವಾಗ, ಹೇಗೆ, ಎಷ್ಟು ತುಂಬಿಸಿದಾಗ ಎಂದು ಕೇಳುತ್ತ, ನಾನು ಹೇಳಿದ್ದನ್ನೆಲ್ಲ ಕಿವಿಗೊಟ್ಟು ಕೇಳಿದ. ಅಷ್ಟು ದಿನ ಯಾರೂ ಕೇಳಿರಲಿಲ್ಲ. ಆಮೇಲೆ ಎಂಜಿನ್ ಚಾಲೂ ಇಟ್ಟು ಒಂದು ಸಣ್ಣ ಪೈಪು ಬಿಚ್ಚಿದ.

"ಇಲ್ಲಿ ಬೆರಳಿಡ್ರಿ. ಅಲ್ಲಲ್ಲ, ಇಲ್ಲಿ." ನನ್ನ ಬೆರಳನ್ನು ಹಿಡಿದು ಸರಿಯಾದ ಜಾಗದಲ್ಲಿಟ್ಟ. ಒಳಗಿನ ಗಾಳಿ ಬೆರಳನ್ನು ಎಳೆಯಿತು. ಅವನ ಕೈ ಒಂದು ಗಳಿಗೆ ಹೆಚ್ಚೇ ಅಲ್ಲಿತ್ತು.

"ಈಗ ಎಳೀಬಾರ್ದ್ರಿ. ಈ ವಾಲ್ವ್ ಮುಚ್ಚಿರಬೇಕು, ಬಾಯಿ ತಕ್ಕೊಂಡ ಕುಂತೈತಿ. ಪೆಟ್ರೋಲ್ ಹಾಕಿಸಿದ ಕೂಡ್ಲೆ ಟ್ಯಾಂಕಿನ ಆವಿ ಎಲ್ಲಾ ಎಂಜಿನ್ನಿಗೆ ನುಗ್ಗಿ ಉಸರ ಕಟ್ತೈತಿ. ಪಂಪ್ ತಾನs ಕಟ್ಟಾದ ಮ್ಯಾಲೂ ತುಂಬಿಸಿದ್ರ ಹಿಂಗ ಕೆಡ್ತೈತಿ. ಹಂಗ ತುಂಬಸ್ತೀರೇನು?"

ನಾನು ಅವ್ವನನ್ನು ನೋಡಿದೆ.

"ನಾನs ತುಂಬಸ್ತೇನಪಾ" ಎಂದಳು ಅವ್ವ ಹಿಂದಿನ ಸೀಟಿನಿಂದ. "ಅಳದ ಮ್ಯಾಲ ಒಂದಿಷ್ಟು ಕೊಸರು ಹಾಕಬೇಕಲ್ಲ?"

"ಜ್ವಾಳಕ್ಕ ಕೊಸರು ಬೇಕವ್ವಾ. ಪೆಟ್ರೋಲಿಗೆ ಬ್ಯಾಡ!" ಅವನ ನಗುವಿಗೆ ಅವ್ವನೂ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದಳು.

ವಾಲ್ವ್ ಬದಲಾಯಿತು. ಮತ್ತೆ ಒಂದು ದಿನವೂ ಥೆರಪಿ ತಪ್ಪಲಿಲ್ಲ. ಈಗ ಅವ್ವ ಅಂಗಳದಲ್ಲಿ ಓಡಾಡುತ್ತಾಳೆ. ಆ ಪುಣ್ಯಾತ್ಮನನ್ನು ನೆನೆಯದೆ ನಾನು ಒಂದು ದಿನವೂ ಮಲಗಿಲ್ಲ.

ಇದನ್ನೆಲ್ಲ ನೆನೆಯುತ್ತ ಬರುವಷ್ಟರಲ್ಲಿ ಅವನ ಗ್ಯಾರೇಜು ಬಂತು.

"ಮತ್ತ ಚಾಲೂ ಆಗವಲ್ದೇನ್ರಿ?" ಎಂದು ಎದ್ದು ಬಂದ.

ಅವನ ಕೈಗೆ ಅವ್ವ ಕಳಿಸಿದ್ದ ಡಬ್ಬಿ ಕೊಟ್ಟು, ನಾಳೆ ಬರುವವರ ವಿಷಯ ಹೇಳಿದೆ. ನನಗೆ ಬೇಕಾದವರು ಅವರಲ್ಲ, ನೀವು ಎಂದೂ ಹೇಳಿಬಿಟ್ಟೆ.

ಅವನು ಡಬ್ಬಿಯನ್ನು ಪಕ್ಕಕ್ಕಿಟ್ಟ. "ಅವ್ವ ನಡದ್ಲು ಅನ್ನೂ ಖುಷಿಯಾಗ ಹೇಳಾಕತ್ತೀರಿ, ಅರ್ಚನಾ. ಉಪಕಾರಕ್ಕ ಮದವಿ ಆಗಬಾರ್ದು."

"ಉಪಕಾರದ ಋಣ ಅವ್ವಂದು. ಅದಕ್ಕ ತನ್ನ ಕೈಯಾರೆ ಶೇಂಗಾ ಹೋಳಿಗಿ ಮಾಡಿ ಕೊಟ್ಟಾಳ. ಈ ಮಾತು ನಂದು."

"ನಾ ಹೂಂ ಅಂದ್ರ, ಮೂಡಲಗಿಯವರಿಗೆ?"

"ಬರಬ್ಯಾಡ್ರಿ ಅಂತೀನಿ."

"ಒಲ್ಲೆ ಅಂದ್ರ?"

"ಆಗೂ ಅದನ್ನs ಅಂತೀನಿ."

ಅವನ ಕಣ್ಣುಗಳು ತುಂಬಿದವು. ಸೋಪು ಹಚ್ಚಿ ಎರಡೆರಡು ಸಲ ಕೈ ತೊಳೆದು ಬಂದು ನನ್ನ ಕೈ ಹಿಡಿದ.

"ನಾಳೆ ನೋಡಾಕ ಬರೂವವರಿಗಂತ ಅವಲಕ್ಕಿ ಹೆಂಗೂ ತಂದಿಟ್ಟಿರ್ತೀರಿ. ಅದs ಹೊತ್ತಿಗೆ ನಾ ಬರ್ತೀನಿ" ಎಂದ. "ನಮ್ಮವ್ವನೂ ಬರ್ತಾಳ. ಆಕೀಗೆ ಖಾರ ಸ್ವಲ್ಪ ಜಾಸ್ತಿ ಬೇಕ್ರಿ."