ದಾರಿ ಬಿಡದ ಸೊಸೆ

ಬಹಳ ಹಿಂದೆ, ಹಿಮ ಬೀಳುವ ಬೆಟ್ಟಗಳ ಆಚೆ, ಚಳಿನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ನಡುವೆ ಒಂದು ಕಾಡಿತ್ತು. ದೊಡ್ಡ ಕಾಡೇನಲ್ಲ. ಬೆಟ್ಟದ ತಲೆಯ ಮೇಲೆ ನಿಂತು ನೋಡಿದರೆ ಒಂದು ಬೊಗಸೆಯಲ್ಲಿ ಹಿಡಿಸುವಷ್ಟು ಕಾಣುತ್ತಿತ್ತು. ಅದಕ್ಕೇ ಜನ ಅದನ್ನು ಬೊಗಸೆಕಾಡು ಎನ್ನುತ್ತಿದ್ದರು.

ಚಿಕ್ಕದಾದರೂ ಅದು ತುಂಬಿದ ಕಾಡು. ಅಗಲ ಎಲೆಯ ಓಕ್ ಮರಗಳು ಒಂದರ ಹೆಗಲಿಗೆ ಒಂದು ಕೈ ಹಾಕಿ ನಿಂತಿದ್ದವು. ವಸಂತದಲ್ಲಿ, ಮರಗಳು ಎಲೆ ಬಿಡುವ ಮುಂಚೆಯೇ, ನೆಲದ ತುಂಬ ಗಂಟೆಯಾಕಾರದ ನೀಲಿ ಹೂ ಅರಳುತ್ತಿತ್ತು. ಬೇಸಿಗೆಯಲ್ಲಿ ಬಿಸಿಲು ಎಲೆಗಳ ನಡುವೆ ಸೋಸಿಕೊಂಡು ಕೆಳಗಿಳಿಯುತ್ತಿತ್ತು. ಚಳಿಗಾಲ ಹತ್ತಿರ ಬಂದಾಗ ಎಲೆಗಳೆಲ್ಲ ಅರಿಸಿನವಾಗಿ, ತಾಮ್ರವಾಗಿ, ಕೊನೆಗೆ ನೆಲಕ್ಕೆ ಬೀಳುತ್ತಿದ್ದವು. ಬಿದ್ದು ಕೊಳೆಯುತ್ತಿದ್ದ ಮರದ ದಿಮ್ಮಿಯ ಮೇಲೆ ಅಣಬೆ ಏಳುತ್ತಿತ್ತು. ಬಿಲದಲ್ಲಿ ಬಿಲಗರಡಿ ಮಲಗುತ್ತಿತ್ತು. ಅದು ನಿಜವಾದ ಕರಡಿಯಲ್ಲ. ಗಿಡ್ಡ ಕಾಲಿನ, ಮುಖದ ಮೇಲೆ ಕಪ್ಪು ಬಿಳಿ ಪಟ್ಟೆಯ, ಹಗಲೆಲ್ಲ ಗೊರಕೆ ಹೊಡೆಯುವ ಪ್ರಾಣಿ.

ಆ ಕಾಡಿನ ಮಧ್ಯೆ ಒಂದು ಕಾಲುದಾರಿ. ಈ ತುದಿಗೆ ಮೂಡಲಹಳ್ಳಿ, ಆ ತುದಿಗೆ ಪಡುವಲಹಳ್ಳಿ. ಒಬ್ಬರು ಮಾತ್ರ ನಡೆಯುವಷ್ಟು ಅಗಲದ ದಾರಿ. ಅರಮನೆಯ ಮುಂದಿನ ಕಲ್ಲಿನಲ್ಲಿ ಆ ನಾಡಿನ ಕಾನೂನು ಕೆತ್ತಿತ್ತು: ಒಂದು ಎಲೆಗಾಲದಿಂದ, ಅಂದರೆ ಎಲೆ ಉದುರುವ ಕಾಲದಿಂದ, ಮತ್ತೊಂದು ಎಲೆಗಾಲದೊಳಗೆ ಮನುಷ್ಯರ ಪಾದ ಈ ತುದಿಯಿಂದ ಆ ತುದಿಗೆ ನಡೆದರೆ ದಾರಿ ಜನರದು. ಕೊನೆಯ ಓಕ್ ಮರದ ಕೊನೆಯ ಎಲೆ ನೆಲ ಮುಟ್ಟುವವರೆಗೂ ಯಾರೂ ನಡೆಯದಿದ್ದರೆ ದಾರಿಯೂ ಕಾಡೂ ಅರಸನದು. ನಡೆಯುವವರನ್ನು ಯಾರೂ ತಡೆಯುವಂತಿಲ್ಲ.

ಅರಸನಿಗೆ ಒಬ್ಬ ರಾಜಗುರು ಇದ್ದ. ಹೆಸರು ಭಸ್ಮಕೇತು. ಅವನು ಮಾಂತ್ರಿಕ. ಒಂದು ಮರ ಸುಟ್ಟು ಬೂದಿ ಬಳಿದುಕೊಂಡರೆ ಅವನ ಆಯಸ್ಸು ಒಂದು ವರ್ಷ ಬೆಳೆಯುತ್ತಿತ್ತು. ನಾಡಿನ ಕಾಡುಗಳನ್ನೆಲ್ಲ ಹಾಗೆ ಬಳಿದುಕೊಂಡಾಗಿತ್ತು. ಉಳಿದದ್ದು ಬೊಗಸೆಕಾಡು ಒಂದೇ.

"ದಾರಿ ಸತ್ತ ದಿನ ಕಾಡು ನನಗೆ ಕೊಡಬೇಕು," ಎಂದು ಅವನು ಮುದಿ ಅರಸನಿಂದ ಮಾತು ತೆಗೆದುಕೊಂಡ. ಅರಸ, "ಅದೇನು ಮಹಾ, ಜನ ದಿನಾ ನಡೆಯುತ್ತಾರಲ್ಲ," ಎಂದು ನಕ್ಕು ಒಪ್ಪಿದ.

ಅಲ್ಲಿಂದಾಚೆ ಬೊಗಸೆಕಾಡಿಗೆ ಹೋದವರು ಹೊರಗೆ ಬರಲಿಲ್ಲ. ಮಡಕೆ ಮಾರಲು ಹೋದ ಸಿದ್ಧಯ್ಯ ಬರಲಿಲ್ಲ. ಅವನನ್ನು ಹುಡುಕಲು ಹೋದ ಊರಗೌಡ ಬರಲಿಲ್ಲ. ಆಮೇಲೆ ಯಾರೂ ಆ ಕಡೆ ಕಾಲಿಡಲಿಲ್ಲ.

ಮೂಡಲಹಳ್ಳಿಯಲ್ಲಿ ತುಂಗವ್ವ ಎಂಬ ಸೊಸೆ ಇದ್ದಳು. ಪಡುವಲಹಳ್ಳಿಯಿಂದ ಮದುವೆಯಾಗಿ ಬಂದವಳು. ಅವಳ ಅತ್ತೆ ಅಮ್ಮಣ್ಣಿ. ಅಮ್ಮಣ್ಣಿಗೆ ಮರ್ಯಾದೆ ಎಂದರೆ ಪ್ರಾಣ. ತುಂಗವ್ವನಿಗೆ ಸರಿ ಕಂಡದ್ದು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಇಬ್ಬರಿಗೂ ದಿನ ಬೆಳಗಾದರೆ ಜಟಾಪಟಿ.

ಒಂದು ದಿನ ಅಮ್ಮಣ್ಣಿ, "ನಿನ್ನ ಅಪ್ಪನಿಗೇ ದೂರು ಹೇಳಿ ಬರ್ತೀನಿ. ಎಂಥಾ ಮಗಳನ್ನ ಹೆತ್ತು ನಮ್ಮ ಮನೆಗೆ ಸಾಗಹಾಕಿದಾನೆ ಅಂತ ಅವನಿಗೂ ಗೊತ್ತಾಗಲಿ," ಎಂದು ಹೊರಟೇಬಿಟ್ಟಳು.

"ಕಾಡಿನ ದಾರಿ ಬೇಡ ಅತ್ತೆ," ಎಂದಳು ತುಂಗವ್ವ.

"ನೀನು ಬೇಡ ಅಂದಿದ್ದಕ್ಕೇ ಹೋಗ್ತೀನಿ."

ಹೋದ ಅಮ್ಮಣ್ಣಿ ಬರಲಿಲ್ಲ. ನೀಲಿ ಹೂ ಬಾಡಿತು, ಬೇಸಿಗೆ ಕಳೆಯಿತು, ಎಲೆ ಉದುರತೊಡಗಿತು. ಆಗ ಡಂಗುರದವನು ಊರಿಗೆ ಬಂದ. "ಕೊನೆಯ ಓಕ್ ಮರದಲ್ಲಿ ಇನ್ನು ಒಂದೇ ಎಲೆ ಉಳಿದಿದೆ! ಅದು ಬಿದ್ದ ಗಳಿಗೆಗೆ ದಾರಿ ಸತ್ತಂತೆ! ರಾಜಗುರುಗಳು ಕಾಡಿಗೆ ಬೆಂಕಿ ಇಡುತ್ತಾರೆ! ಎಲ್ಲರೂ ದೂರ ಇರಿ!"

ತುಂಗವ್ವ ಒಲೆಯ ಮುಂದಿನಿಂದ ಎದ್ದಳು. ಗಂಡ ಚಿಕ್ಕೀರ ಬಾಗಿಲಿಗೆ ಅಡ್ಡ ನಿಂತ.

"ಎಲ್ಲಿಗೆ?"

"ನಿಮ್ಮ ಅಮ್ಮ ಒಳಗಿದ್ದಾರೆ. ಕಾಡು ಸುಟ್ಟರೆ ಅವರೂ ಸುಡ್ತಾರೆ."

"ಇದ್ದಾಗ ದಿನಾ ಅವಳ ಹತ್ತಿರ ಜಗಳ ಆಡ್ತಿದ್ದೆ!"

"ಜಗಳ ನಮ್ಮ ನಮ್ಮದು. ಅದನ್ನ ಅರ್ಧಕ್ಕೆ ನಿಲ್ಲಿಸೋಕೆ ಭಸ್ಮಕೇತು ಯಾರು?"

"ಹಾಗಾದ್ರೆ ನಾನೂ ಬರ್ತೀನಿ."

ತುಂಗವ್ವ ಗಂಡನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ನೀವು ಇರುವೆ ಎದುರಾದರೂ ದಾರಿ ಬಿಟ್ಟು ನಿಲ್ಲೋರು. ಮನೇಲಿ ಒಲೆ ಆರದ ಹಾಗೆ ನೋಡ್ಕೊಳ್ಳಿ. ಬರುವಾಗ ಇಬ್ಬರಿಗೂ ಹಸಿವಾಗಿರುತ್ತೆ."

ಹೀಗೆ ಹೇಳಿ ತುಂಗವ್ವ ಸೆರಗು ಬಿಗಿದು ಕಾಡಿನ ಅಂಚಿಗೆ ಬಂದಳು.

ಮೊದಲನೆಯ ಮರದ ಪೊಟರೆಯಲ್ಲಿ ಒಂದು ಗೂಬೆ ಕೂತಿತ್ತು. ಹಗಲ ಬೆಳಕಿಗೆ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿತು. ಆಮೇಲೆ ಬಾಯಿ ಬಿಟ್ಟಿತು.

"ತಲೆ ಬಾಚಿಕೊಳ್ಳದೆ ಊರು ದಾಟಿ ಬಂದಿದೀಯಲ್ಲ, ನೋಡಿದವರು ಏನಂದಾರು?"

"ಅತ್ತೆ!" ಎಂದಳು ತುಂಗವ್ವ. ಇಡೀ ಲೋಕದಲ್ಲಿ ಹಾಗೆ ಕೇಳುವ ಗೂಬೆ ಬೇರೆ ಇರಲು ಸಾಧ್ಯವಿರಲಿಲ್ಲ.

"ಅತ್ತೆಯೇ. ಸುಮ್ಮನೆ ಕೇಳು. ಆ ದರಿದ್ರದವನು ದಾರಿಯ ಎರಡೂ ಪಕ್ಕಕ್ಕೆ ಮಂತ್ರ ಹಾಕಿದ್ದಾನೆ. ದಾರಿಯಿಂದ ಪಕ್ಕಕ್ಕೆ ಕಾಲಿಟ್ಟವರು ಪ್ರಾಣಿಯಾಗ್ತಾರೆ. ನನಗೆ ಒಬ್ಬಳು ಮುದುಕಿ ಎದುರಾದಳು, ತಲೆ ಮೇಲೆ ಸೌದೆ ಹೊರೆ. ಪಾಪ ಅಂತ ಪಕ್ಕಕ್ಕೆ ಸರಿದೆ. ಅಷ್ಟೇ, ರೆಕ್ಕೆ ಬಂತು. ಅಗೋ, ಸಿದ್ಧಯ್ಯ."

ಮೇಲೆ ಒಂದು ಮರಕುಟಿಗ ಟಕಟಕ ಎಂದು ಮರ ತಟ್ಟುತ್ತಿತ್ತು. ಮೊದಲು ಮಡಕೆ ತಟ್ಟುತ್ತಿದ್ದವನು ಈಗ ಮರ ತಟ್ಟುತ್ತಿದ್ದ.

"ಗೌಡರು?"

"ಬಿಲದಲ್ಲಿ ಮಲಗಿದಾರೆ. ಪ್ರಾಣಿಯಾಗಿದೀನಿ ಅಂತ ಅವರಿಗೆ ಇನ್ನೂ ಗೊತ್ತಾದ ಹಾಗಿಲ್ಲ."

ತುಂಗವ್ವನಿಗೆ ಈಗ ಅರ್ಥವಾಯಿತು. ನಡೆಯುವವರನ್ನು ತಡೆಯಬಾರದು ಎಂದು ಕಾನೂನು. ದಾರಿ ಬಿಡು ಎಂದು ಕೇಳಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ. ಆ ಸೀಮೆಯ ಜನರೋ, ಎದುರು ಯಾರು ಬಂದರೂ ಪಕ್ಕಕ್ಕೆ ಸರಿದು ನಿಲ್ಲುವವರು. ಭಸ್ಮಕೇತು ಅವರ ಒಳ್ಳೆಯತನದಿಂದಲೇ ಬಲೆ ನೇಯ್ದಿದ್ದ.

"ಹಾಗಿದ್ದರೆ ನಾನು ಯಾರಿಗೂ ದಾರಿ ಬಿಡೋದಿಲ್ಲ," ಎಂದಳು.

"ನನಗೆ ಯಾವತ್ತು ಬಿಟ್ಟಿದ್ದೆ?" ಎಂದಿತು ಗೂಬೆ. ಆದರೆ ಪೊಟರೆಯಿಂದ ಹಾರಿ ಅವಳ ಹಿಂದೆಯೇ ಕೊಂಬೆಯಿಂದ ಕೊಂಬೆಗೆ ಬಂತು.

ತುಂಗವ್ವ ನಡೆದಳು. ಕಾಲಡಿ ಎಲೆ ಸರಬರ ಎನ್ನುತ್ತಿತ್ತು. ಅಳಿಲೊಂದು ಓಕ್ ಕಾಯಿಯನ್ನು ಮಣ್ಣಲ್ಲಿ ಹೂತು, ಎಲ್ಲಿ ಹೂತೆ ಎಂದು ಮರೆತು, ಪಕ್ಕದಲ್ಲೇ ಅಗೆಯುತ್ತಿತ್ತು. ಅಷ್ಟರಲ್ಲಿ ಪೊದೆಯೆಲ್ಲ ಅಲುಗಾಡಿ ಒಂದು ಕಾಡುಹಂದಿ ದಾರಿಗಿಳಿಯಿತು. ಎಮ್ಮೆಯಷ್ಟು ಎತ್ತರ, ಕಬ್ಬಿಣದ ಕೋರೆ, ಕೆಂಡದ ಕಣ್ಣು.

"ದಾರಿ ಬಿಡು!" ಎಂದು ಗುಟುರು ಹಾಕಿ ನುಗ್ಗಿ ಬಂತು.

ತುಂಗವ್ವ ದಾರಿಯ ನಡುವೆ ಕಾಲೂರಿ ನಿಂತಳು. "ಬಿಡೋದಿಲ್ಲ! ಬೇಕಾದರೆ ನನ್ನ ಮೇಲೆ ಹೋಗು!"

ಹಂದಿ ಅವಳ ಮೇಲೇ ಬಂತು. ಅವಳ ಮೈ ಮುಟ್ಟಿದ ಕೂಡಲೇ ಬುಸ್ಸೆಂದು ಕುಸಿದು ಬೂದಿಯಾಯಿತು. ಬೂದಿಯಿಂದ ಮಾಡಿದ ಹಂದಿ ಅದು. ಹೆದರಿದವರಿಗೆ ಮಾತ್ರ ಹಂದಿ. ತುಂಗವ್ವ ಅಡಿಯಿಂದ ಮುಡಿಯವರೆಗೆ ಬೂದಿಮಯವಾಗಿ ನಿಂತಳು.

"ಈಗಂತೂ ನಿನ್ನ ಅವತಾರ ನೋಡೋಕಾಗಲ್ಲ," ಎಂದಿತು ಗೂಬೆ.

ಇನ್ನೂ ಸ್ವಲ್ಪ ದೂರ ಹೋದಾಗ ಎದುರಿಗೆ ಒಬ್ಬ ಮುದುಕಿ ಬಂದಳು. ಬೆನ್ನು ಬಾಗಿ ಬಿಲ್ಲಾಗಿತ್ತು. ತಲೆಯ ಮೇಲೆ ಸೌದೆಯ ಹೊರೆ. ಬರಿಗಾಲು ಚಳಿಗೆ ಒಡೆದು ರಕ್ತ ಒಸರುತ್ತಿತ್ತು.

"ದಾರಿ ಬಿಡವ್ವ, ಮಗಳೇ. ಕತ್ತು ಮುರೀತಾ ಇದೆ."

"ಪಕ್ಕಕ್ಕೆ ಸರಿ ಕಣೇ, ಹಿರಿಯರು!" ಎಂದು ಗೂಬೆ ರೂಢಿಯಿಂದ ಅಂದುಬಿಟ್ಟು, "ಅಯ್ಯೋ, ಬೇಡ ಕಣೇ, ಬೇಡ! ಇವಳೇ ಅವಳು!" ಎಂದು ರೆಕ್ಕೆ ಬಡಿಯಿತು.

ಹಂದಿಯ ಮುಂದೆ ನಿಂತದ್ದು ಏನೂ ಅಲ್ಲ. ಈಗ ತುಂಗವ್ವನ ಕಾಲು ತಾನಾಗಿ ಪಕ್ಕಕ್ಕೆ ಎದ್ದಿತು. ಹುಟ್ಟಿದಾಗಿನಿಂದ ಕಲಿತದ್ದು ಅದು. ಎದ್ದ ಕಾಲನ್ನು ಅವಳು ಗಾಳಿಯಲ್ಲೇ ನಿಲ್ಲಿಸಿದಳು. ಸರಿದರೆ ತಾನು ಕೆಟ್ಟಂತೆ. ಸರಿಯದಿದ್ದರೆ ಈ ಮುದುಕಿ ಹೊರೆ ಹೊತ್ತು ಇಲ್ಲೇ ಬೀಳುತ್ತಾಳೆ. ಎರಡೂ ಅವಳಿಗೆ ಒಪ್ಪಿಗೆಯಾಗಲಿಲ್ಲ.

ಆಗ ಅವಳಿಗೆ ತವರಿನ ಗದ್ದೆಯ ಬದು ನೆನಪಾಯಿತು. ಎರಡು ಕಡೆಯೂ ಕೆಸರಿರುವ ಬದುವಿನ ಮೇಲೆ ಇಬ್ಬರು ಎದುರಾದರೆ ಯಾರೂ ಇಳಿಯುವುದಿಲ್ಲ.

"ಅಜ್ಜಿ, ಹೊರೆ ನನ್ನ ತಲೆಗೆ ಕೊಡು. ನನ್ನ ಸೊಂಟ ಹಿಡ್ಕೋ. ನಾನು ನಿನ್ನ ಭುಜ ಹಿಡ್ಕೊಳ್ತೀನಿ. ಬದುವಿನ ಮೇಲೆ ತಿರುಗೋ ಹಾಗೆ ಇಬ್ಬರೂ ಒಟ್ಟಿಗೆ ತಿರುಗೋಣ."

ಮುದುಕಿ ಅವಳ ಮುಖವನ್ನೇ ನೋಡಿದಳು. ಹೊರೆ ಕೊಟ್ಟಳು. ಹಿಡಿದುಕೊಂಡಳು. ಇಬ್ಬರೂ ಒಂದು ಸುತ್ತು ತಿರುಗಿದರು. ಈ ಕಡೆಯವಳು ಆ ಕಡೆ, ಆ ಕಡೆಯವಳು ಈ ಕಡೆ. ಒಬ್ಬರ ಹೆಬ್ಬೆರಳೂ ದಾರಿ ಇಳಿಯಲಿಲ್ಲ. ಆದರೂ ಮುದುಕಿ ಕೈ ಬಿಡಲಿಲ್ಲ.

"ನಾನು ಅವನ ಬೂದಿ ಗುಡಿಸೋಳು," ಎಂದಳು. "ಎಲ್ಲರೂ ಒಳ್ಳೆಯವರು ಕಣವ್ವ, ನನಗೆ ದಾರಿ ಬಿಟ್ಟೇ ಕೆಟ್ಟರು. ಹೊರೆ ಕೇಳಿದವಳು, ನನ್ನ ಮೈ ಹಿಡಿದವಳು ನೀನೊಬ್ಬಳೇ. ಒಂದು ಮಾತು ಹೇಳ್ತೀನಿ. ಮಂತ್ರಕ್ಕೆ ಯಜಮಾನನ ಗುರುತಿಲ್ಲ. ಅವನು ಕಾಲಿಟ್ಟರೂ ಅವನಿಗೂ ಅದೇ ಗತಿ."

ತುಂಗವ್ವ ಹೊರೆಯನ್ನು ಮುದುಕಿಯ ತಲೆಗೆ ಏರಿಸಲು ಹೋದಳು. "ಬೇಡ, ಬಿಡು," ಎಂದಳು ಮುದುಕಿ. "ಇನ್ನು ಅವನಿಗೆ ಹೊರಲ್ಲ." ಹೊರೆಯನ್ನು ಎತ್ತಿ ಪೊದೆಗೆ ಎಸೆದು, ಬರಿಗೈ ಬೀಸಿಕೊಂಡು ಮೂಡಲಹಳ್ಳಿಯ ಕಡೆ ನಡೆದಳು.

ಕಾಡು ಮುಗಿಯುತ್ತ ಬಂತು. ಕೊನೆಯ ಓಕ್ ಮರ ಕಾಣಿಸಿತು, ಅದರ ತುದಿಯಲ್ಲಿ ಒಂದೇ ಒಂದು ತಾಮ್ರದ ಎಲೆ. ಮರದ ಈಚೆಗೆ ದಾರಿಯ ನಡುವೆ ಭಸ್ಮಕೇತು ನಿಂತಿದ್ದ. ರೇಷ್ಮೆಯ ನಿಲುವಂಗಿ, ಬೆಳ್ಳಿಯ ಕೋಲು, ಹಣೆಯ ತುಂಬ ಕಾಡುಗಳ ಬೂದಿ.

"ದಾರಿ ಬಿಡು, ಹೆಂಗಸೇ. ನಾನು ಯಾರು ಗೊತ್ತೇನು?"

"ಗೊತ್ತು. ಬಿಡೋದಿಲ್ಲ."

"ಅರಸರೇ ನನಗೆ ದಾರಿ ಬಿಡುತ್ತಾರೆ."

"ಅದು ಅರಸರ ದೌರ್ಬಲ್ಯ. ದಾರಿ ಅವರದಲ್ಲ, ನಮ್ಮದು. ನಡೆಯೋರನ್ನ ತಡೆಯಬಾರದು ಅಂತ ಕಲ್ಲಿನಲ್ಲಿ ಕೆತ್ತಿದೆ. ನೀವು ಓದಿದವರು."

ಭಸ್ಮಕೇತು ನಕ್ಕ. "ತಡೆಯುತ್ತಿರುವವರು ಯಾರು? ನಾನು ಸುಮ್ಮನೆ ನಿಂತಿದ್ದೇನೆ. ನೀನೂ ನಿಲ್ಲು. ಗಾಳಿ ಬರುತ್ತಿದೆ. ಎಲೆ ಬೀಳುವುದನ್ನು ಇಬ್ಬರೂ ನೋಡೋಣ."

ಗಾಳಿ ಬೀಸಿತು. ಎಲೆ ತೊಟ್ಟಿನ ಮೇಲೆ ಗಿರಗಿರ ತಿರುಗಿತು. ಕೊಂಬೆಯ ಮೇಲೆ ಗೂಬೆ ಉಸಿರಾಡುವುದನ್ನೇ ಮರೆಯಿತು.

ತುಂಗವ್ವ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಚಾಚಿದಳು. "ಹಾಗಾದರೆ ಬನ್ನಿ ಗುರುಗಳೇ. ನನ್ನ ಸೊಂಟ ಹಿಡ್ಕೊಳ್ಳಿ, ನಾನು ನಿಮ್ಮ ಭುಜ ಹಿಡ್ಕೊಳ್ತೀನಿ. ಒಂದು ಸುತ್ತು ತಿರುಗಿದರೆ ಆಯಿತು. ನೀವೂ ಇಳಿಯೋದು ಬೇಡ, ನಾನೂ ಇಳಿಯೋದು ಬೇಡ."

ಭಸ್ಮಕೇತುವಿನ ಮುಖ ಹುಳಿ ಕುಡಿದಂತಾಯಿತು. ಬೂದಿ, ಬೆವರು, ಕೆಸರು ಮೆತ್ತಿದ ಆ ಕೈಗಳನ್ನು ನೋಡಿದ. "ಛೀ! ಮುಟ್ಟಬೇಡ!"

ತುಂಗವ್ವ ಒಂದು ಹೆಜ್ಜೆ ಮುಂದಿಟ್ಟಳು. ಅವನು ಒಂದು ಹೆಜ್ಜೆ ಹಿಂದಿಟ್ಟ.

"ನನ್ನನ್ನು ಮುಟ್ಟಿದವರು ಈ ನಾಡಿನಲ್ಲಿ ಯಾರೂ ಇಲ್ಲ!"

"ಅದಕ್ಕೇ ನಿಮಗೆ ತಿರುಗೋದು ಗೊತ್ತಿಲ್ಲ." ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು. ಅವನು ಇನ್ನೊಂದು ಹಿಂದಿಟ್ಟ.

ಹುಟ್ಟಿದಾಗಿನಿಂದ ಪಲ್ಲಕ್ಕಿಯಲ್ಲಿ ಓಡಾಡಿದವನು ಅವನು. ಕೊನೆಯ ಮರದ ಬುಡದಲ್ಲಿ ದಾರಿ ಎಡಕ್ಕೆ ತಿರುಗುತ್ತದೆ ಎಂಬುದು ನಡೆದವರಿಗೆ ಗೊತ್ತು. ತುಂಗವ್ವ ಅವನ ಹಿಮ್ಮಡಿ ನೋಡಿದಳು. ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಆದರೆ ಗೊತ್ತಿದ್ದೂ ಹೇಳದಿರುವುದು ಅವಳ ಜಾಯಮಾನವಲ್ಲ.

"ನಿಲ್ಲಿ! ಹಿಂದೆ ತಿರುವಿದೆ. ನೋಡಿ ಕಾಲಿಡಿ."

"ನನಗೆ ನೀನು ದಾರಿ ತೋರಿಸುತ್ತೀಯಾ?" ಎಂದು ಗುಡುಗಿದ ಭಸ್ಮಕೇತು, ಹಿಂದೆ ನೋಡದೆ ಕಾಲಿಟ್ಟ. ಹಿಮ್ಮಡಿ ದಾರಿ ತಪ್ಪಿ ಒಣಗೆಲೆಯ ಮೇಲೆ ಬಿತ್ತು.

ಬೆಳ್ಳಿಕೋಲು ಠಣ್ ಎಂದು ಉರುಳಿತು. ರೇಷ್ಮೆ ನಿಲುವಂಗಿ ಬರಿದಾಗಿ ಕುಸಿಯಿತು. ಅದರ ತೋಳಿನಿಂದ ಒಂದು ಕೊಂಬಿನ ಜೀರುಂಡೆ ತೆವಳುತ್ತ ಹೊರಬಂದು, ತನ್ನ ಕೊಂಬುಗಳನ್ನು ಕಿರೀಟದಂತೆ ಎತ್ತಿ ಹಿಡಿದು, ಕೊಳೆತ ದಿಮ್ಮಿಯ ಕಡೆ ಹೋಯಿತು.

ಅದೇ ಗಳಿಗೆಗೆ ಎಲೆ ಕಳಚಿತು.

"ಓಡೇ!" ಎಂದು ಕೂಗಿತು ಗೂಬೆ.

ತುಂಗವ್ವ ಓಡಿದಳು. ಎಲೆ ತೂಗಾಡುತ್ತ, ತೇಲುತ್ತ ಇಳಿಯಿತು. ಅವಳು ಮರ ದಾಟಿ, ತಿರುವು ದಾಟಿ, ಪಡುವಲಹಳ್ಳಿಯ ಹುಲ್ಲಿನ ಮೇಲೆ ಕಾಲಿಟ್ಟಾಗ ಎಲೆ ಇನ್ನೂ ನೆಲ ಮುಟ್ಟಿರಲಿಲ್ಲ. ಅದು ಅವಳ ಬೂದಿತಲೆಯ ಮೇಲೆ ಕೂತಿತ್ತು.

ದಾರಿ ಜನರದಾಯಿತು, ನಡೆಯಲು ಬಂದವರ ಮೇಲಿನ ಮಂತ್ರ ಹರಿಯಿತು. ಸಿದ್ಧಯ್ಯ ಮರವನ್ನು ತಬ್ಬಿಕೊಂಡೇ ಮನುಷ್ಯನಾಗಿ, "ಯಾರಾದರೂ ಇಳಿಸಿ!" ಎಂದು ಕಿರುಚಿದ. ಗೌಡರು ಬಿಲದಿಂದ ತಲೆ ಹೊರಹಾಕಿ, ನಿದ್ದೆ ಕೆಡಿಸಿದವರು ಯಾರೆಂದು ಗದರಿದರು. ತಡೆಯಲು ಬಂದ ಜೀರುಂಡೆ ಜೀರುಂಡೆಯಾಗಿಯೇ ಉಳಿಯಿತು. ಅಳಿಲೂ ಅಳಿಲಾಗಿಯೇ ಉಳಿಯಿತು; ಅದು ಮೊದಲಿನಿಂದಲೂ ಅಳಿಲೇ. ಅಮ್ಮಣ್ಣಿ ಕೊಂಬೆಯಿಂದ ಧೊಪ್ಪೆಂದು ಬಿದ್ದು, ಎದ್ದು, ಸೀರೆ ಕೊಡವಿಕೊಂಡಳು.

"ಏಟಾಯಿತಾ ಅತ್ತೆ? ಮನೆಗೆ ಹೋಗೋಣವಾ?"

"ಇಷ್ಟು ದೂರ ಬಂದಾಗಿದೆ. ಬಂದ ಕೆಲಸ ಮುಗಿಸಿಯೇ ಬರ್ತೀನಿ," ಎಂದ ಅಮ್ಮಣ್ಣಿ ನೇರವಾಗಿ ತುಂಗವ್ವನ ತವರಿಗೆ ನಡೆದಳು. ಅಪ್ಪ ಜಗಲಿಯ ಮೇಲೆ ಕೂತಿದ್ದ.

"ನೋಡಿ ಬೀಗರೇ, ದೂರು ಹೇಳೋಕೆ ಬಂದಿದೀನಿ. ನಿಮ್ಮ ಮಗಳು ಹಂದಿಗೆ ದಾರಿ ಬಿಡೋದಿಲ್ಲ, ಹಿರಿಯರಿಗೆ ಬಿಡೋದಿಲ್ಲ, ರಾಜಗುರುವಿಗೂ ಬಿಡೋದಿಲ್ಲ." ಅಮ್ಮಣ್ಣಿ ಸೆರಗಿನಿಂದ ಸೊಸೆಯ ಮುಖದ ಬೂದಿ ಒರೆಸಿದಳು. "ಎಂಥಾ ಮಗಳನ್ನ ಹೆತ್ತಿದೀರಿ ಅಂತ ನಿಮಗೂ ಗೊತ್ತಿರಲಿ."

ಮರುವರ್ಷದ ಎಲೆಗಾಲದಲ್ಲಿ ಮುದಿ ಅರಸ ಪಲ್ಲಕ್ಕಿ ಬಿಟ್ಟು ಬರಿಗಾಲಲ್ಲಿ ಬೊಗಸೆಕಾಡು ನಡೆಯಲು ಬಂದ. ಹಿಂದೆ ರಾಜಗುರುವಿನ ಬೂದಿ ಗುಡಿಸುತ್ತಿದ್ದ ಮುದುಕಿ ಕಾಡಿನ ನಡುವೆ ಎದುರಾದಳು. ಜನ ಉಸಿರು ಬಿಗಿಹಿಡಿದರು. ಅರಸ ಎರಡೂ ಕೈ ಚಾಚಿದ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಒಂದು ಸುತ್ತು ತಿರುಗಿ, ತಮ್ಮ ತಮ್ಮ ದಾರಿಗೆ ಹೋದರು.

ಅಂದಿನಿಂದ ಚಳಿನಾಡಿನಲ್ಲಿ ದಾರಿ ಬಿಡು ಎನ್ನುವವರೂ ಇಲ್ಲ, ದಾರಿ ಬಿಟ್ಟು ಕೆಡುವವರೂ ಇಲ್ಲ. ನೀಲಿ ಹೂ ಅರಳುತ್ತದೆ, ಮರಕುಟಿಗ ಮರ ತಟ್ಟುತ್ತದೆ, ಎಲ್ಲರೂ ಸುಖವಾಗಿದ್ದಾರೆ. ಅತ್ತೆ ಸೊಸೆಯರು ಜಗಳವಾಡುತ್ತಲೇ ಬೊಗಸೆಕಾಡಿನಲ್ಲಿ ನಡೆಯುತ್ತಾರೆ. ಎದುರು ಯಾರಾದರೂ ಬಂದರೆ ಜಗಳ ನಿಲ್ಲಿಸಿ, ಒಬ್ಬೊಬ್ಬರಾಗಿ ಹಿಡಿದು ತಿರುಗಿ, ಬಿಟ್ಟಲ್ಲಿಂದ ಮತ್ತೆ ಶುರುಮಾಡುತ್ತಾರೆ.