ಖಾಲಿ ಬಿಟ್ಟ ಕಾಲಂ

ಇನ್ನೂರ ಹನ್ನೆರಡು ಹೆಂಗಸರ ವಿವರವಿದ್ದ ಪಟ್ಟಿಯಲ್ಲಿ ಒಂದು ಕಾಲಂ ಮಾತ್ರ ಮೇಲಿನಿಂದ ಕೆಳಗಿನವರೆಗೂ ಖಾಲಿಯಾಗಿತ್ತು. ಡಾಕ್ಟರಮ್ಮ ಆ ಹಾಳೆಗಳನ್ನು ಹಿಡಿದು ಆಸ್ಪತ್ರೆಯಲ್ಲಿ ತನ್ನ ವಿಭಾಗದ ದಾಖಲೆ ಕೋಣೆಗೆ ನುಗ್ಗಿದಾಗ ಗುಮಾಸ್ತ ಎದ್ದು ನಿಂತು ತನ್ನ ಕುರ್ಚಿಯನ್ನೇ ಅವಳತ್ತ ಸರಿಸಿದ. ಅಲ್ಲಿದ್ದದ್ದು ಅದೊಂದೇ ಕುರ್ಚಿ.

ಅವಳು ಕೂರಲಿಲ್ಲ.

"ಮುಟ್ಟಾಗಿ ಎಷ್ಟನೇ ದಿನ ಅನ್ನೋ ಕಾಲಂ ಏನಾಯ್ತು?"

ಅವನ ಕಿವಿ ಕೆಂಪಾಯಿತು. "ಅದು ಹೆಂಗಸರ ವಿಷಯ ಮೇಡಂ. ನಾನು ಓದಬಾರದು ಅಂತ, ಟೈಪ್ ಮಾಡುವಾಗ ಅಷ್ಟು ಭಾಗದ ಮೇಲೆ ಸ್ಕೇಲ್ ಇಟ್ಕೊಂಡಿದ್ದೆ."

"ಇನ್ನೂರ ಹನ್ನೆರಡು ಸಲ?"

"ಹೌದು. ಒಂದ್ಸಲಾನೂ ಇಣುಕಿಲ್ಲ."

ಬೈಯಲು ತೆರೆದ ಬಾಯಿಗೆ ನಗು ಬಂದುಬಿಟ್ಟಿತು. ಅದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಕೇಳಿ ಇಲ್ಲಿ. ಹೆಣ್ಣಿನ ಯೋನಿಯಲ್ಲಿ, ಗರ್ಭಕಂಠದಲ್ಲಿ ರೋಗಾಣು ತಡೆಯೋ ಕಾವಲು ಇರುತ್ತೆ. ಹಾರ್ಮೋನು ಏರಿಳಿದ ಹಾಗೆ ಅದೂ ಬದಲಾಗುತ್ತೆ. ಯಾವ ದಿನದ್ದು ಅಂತ ಗೊತ್ತಿಲ್ಲದೆ ಎಲ್ಲಾ ಒಟ್ಟಿಗೆ ಹಾಕಿದ್ರೆ ಏನೂ ಕಾಣಲ್ಲ. ಏನೂ ಇಲ್ಲ ಅಂತ ಶುಕ್ರವಾರ ಸಮಿತಿಯವರು ನನ್ನ ಅಧ್ಯಯನ ಮುಚ್ಚಿಸ್ತಾರೆ. ಹೋದ ತಿಂಗಳೇ ಈ ಪಟ್ಟಿ ಅವರ ಕೈ ಸೇರಿದೆ, ನಾನು ನೋಡಿದ್ದು ಇವತ್ತು. ಆರು ವರ್ಷದ ಕೆಲಸ ರೀ."

ಅವನು ಬೀರು ತೆರೆದ. ಹೆಂಗಸರು ತಾವೇ ತುಂಬಿಕೊಟ್ಟ ಫಾರಂಗಳೆಲ್ಲ ಅಲ್ಲಿದ್ದವು. ಹಾಳೆಯ ಅಂಚು ಹರಿಯದಿರಲೆಂದು ದಾರದ ಕೆಳಗೆ ರಟ್ಟಿನ ಚೂರು ಇಟ್ಟು ಕಟ್ಟಿದ್ದ.

ಇಷ್ಟು ಜೋಪಾನ ಮಾಡುವವನನ್ನು ಎಷ್ಟು ಹೊತ್ತು ಬೈಯುವುದು? ಅವಳು ಕುರ್ಚಿಯಲ್ಲಿ ಕೂತಳು.

ಮೂರು ಮಧ್ಯಾಹ್ನ ಅವಳು ಓದಿದಳು, ಅವನು ಸ್ಟೂಲಿನ ಮೇಲೆ ಕೂತು ಟೈಪ್ ಮಾಡಿದ. ಮೊದಲ ದಿನ ಪ್ರತಿ ಅಂಕಿಗೂ ತಲೆ ತಗ್ಗಿಸುತ್ತಿದ್ದ. ಎರಡನೆಯ ದಿನ ಕತ್ತು ನೆಟ್ಟಗಾಯಿತು.

"ಇಪ್ಪತ್ತೊಂದನೇ ದಿನ."

"ಅಂದ್ರೆ ಅಂಡಾಣು ಹೊರಬಂದು ಒಂದು ವಾರ. ಪ್ರೊಜೆಸ್ಟರಾನ್ ಹಾರ್ಮೋನು ಜಾಸ್ತಿ."

ಅವಳು ಹಾಳೆಯಿಂದ ಕಣ್ಣೆತ್ತಿದಳು. "ಯಾರು ಹೇಳಿಕೊಟ್ರು?"

"ನಿನ್ನೆ ನೀವೇ ಗೊಣಗ್ತಾ ಇದ್ರಿ." ಅವನು ಕೀಲಿಮಣೆಯನ್ನೇ ನೋಡುತ್ತಿದ್ದ, ಆದರೆ ತುಟಿಯಂಚಿನಲ್ಲಿ ನಗುವಿತ್ತು.

ಬುಧವಾರ ಪರದೆಯ ಮೇಲೆ ನಕ್ಷೆಯ ಗೆರೆ ಮೂಡಿತು. ಮುಟ್ಟಿನ ಚಕ್ರದ ಮೊದಲರ್ಧ ಎತ್ತರದಲ್ಲಿದ್ದ ಕಾವಲು, ಆಮೇಲೆ ಒಂದು ವಾರ ಇಳಿದು, ಮತ್ತೆ ಏರುತ್ತಿತ್ತು.

"ಕಾವಲು ಯಾಕೆ ಇಳಿಬೇಕು ಮೇಡಂ? ದೇಹಕ್ಕೆ ಸುಸ್ತಾ?"

"ಸುಸ್ತಲ್ಲ. ಗರ್ಭ ನಿಂತ್ರೆ ಆ ಜೀವ ಅರ್ಧ ಅಪ್ಪನದು, ತಾಯಿ ದೇಹಕ್ಕೆ ಹೊರಗಿನದು. ಅದನ್ನ ಶತ್ರು ಅಂತ ಹೊಡೆಯಬಾರದಲ್ಲ. ಅದಕ್ಕೇ ಬಾಗಿಲು ಸ್ವಲ್ಪ ಸಡಿಲ ಮಾಡುತ್ತೆ ಅಂತ ನಾವು ತಿಳ್ಕೊಂಡಿರೋದು. ಆ ವಾರ ಸೋಂಕು ತಗಲೋದೂ ಸುಲಭ ಇರಬಹುದು. ಅದನ್ನ ಹೆಂಗಸರಿಗೆ ಯಾರಾದ್ರೂ ಹೇಳಬೇಕು ತಾನೆ?"

"ಅಪಾಯ ಗೊತ್ತಿದ್ದೂ ಬಾಗಿಲು ತೆಗೆಯುತ್ತೆ," ಎಂದ ಅವನು ಮೆಲ್ಲಗೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಪರದೆಯನ್ನು ನೋಡುವ ನೆಪದಲ್ಲಿ ಅಲ್ಲಿ ಕಾಣುತ್ತಿದ್ದ ಒಬ್ಬರ ಪ್ರತಿಬಿಂಬವನ್ನು ಇನ್ನೊಬ್ಬರು ನೋಡಿದರು.

ಗುರುವಾರ ವಿಭಾಗದ ಮುಖ್ಯಸ್ಥರು ಕರೆಸಿದರು. "ಫಲಿತಾಂಶ ಚೆನ್ನಾಗಿದೆಯಮ್ಮ. ಆದ್ರೆ ನಾಳೆ ದೊಡ್ಡವರೆಲ್ಲ ಬರ್ತಾರೆ. ಯೋನಿ, ಮುಟ್ಟು ಇವೆಲ್ಲ ಬೇಡ. 'ಒಳಪೊರೆ' ಅಂದ್ರೆ ಸಾಕು."

"ಮೂಗಿನಲ್ಲೂ ಒಳಪೊರೆ ಇದೆ ಸರ್. ನಾನು ಮೂಗಿನ ಡಾಕ್ಟರಲ್ಲ."

ಶುಕ್ರವಾರ ಅವಳು ಒಂದು ಪದವನ್ನೂ ಬದಲಿಸಲಿಲ್ಲ. 'ಯೋನಿ' ಎಂದಾಗ ಮೊದಲ ಸಾಲಿನಲ್ಲಿ ಯಾರೋ ಕೆಮ್ಮಿದರು. ಅವಳು ಕೆಮ್ಮು ನಿಲ್ಲುವವರೆಗೆ ಕಾದು, ಅದೇ ಪದವನ್ನು ಇನ್ನೊಮ್ಮೆ ಹೇಳಿದಳು.

ಸಮಿತಿಯ ಅಧ್ಯಕ್ಷರು ಹಳೆಯ ಪಟ್ಟಿಯನ್ನು ಎತ್ತಿ ತೋರಿಸಿದರು. "ಹೋದ ತಿಂಗಳು ಕೊಟ್ಟಿದ್ದರಲ್ಲಿ ಈ ದಿನಗಳೇ ಇಲ್ಲ. ಈಗ ಎಲ್ಲಿಂದ ಹುಟ್ಟಿದವು?"

ಸುಳ್ಳು ಅಂಕಿ ಎಂಬ ಅನುಮಾನ ಹತ್ತಿದರೆ ಅಧ್ಯಯನ ಮುಚ್ಚುವುದಷ್ಟೇ ಅಲ್ಲ, ಅವಳ ಹೆಸರೂ ಹೋಗುತ್ತದೆ. ಅವಳು ಉತ್ತರಿಸುವ ಮೊದಲೇ, ಫಾರಂಗಳ ಕಟ್ಟು ಹೊತ್ತು ಹಿಂದೆ ನಿಂತಿದ್ದ ಗುಮಾಸ್ತ ಮುಂದೆ ಬಂದ.

"ತಪ್ಪು ನಂದು ಸರ್. ಯೋನಿ, ಮುಟ್ಟು ಅಂದ್ರೆ ನಾಚಿಕೆ ಅಂತ ನಾನೇ ಆ ಕಾಲಂ ಬಿಟ್ಟಿದ್ದೆ. ಆ ಹೆಂಗಸರು ನಾಚದೆ ತುಂಬಿಕೊಟ್ಟಿದ್ರು. ಅವರ ಕೈಬರಹ ಇಲ್ಲಿದೆ, ನೋಡಿ. ನನ್ನ ಕೆಲಸ ತೆಗೀಬೇಕಾದ್ರೆ ತೆಗೀರಿ. ಇವರ ಕೆಲಸ ನಿಲ್ಲಿಸಬೇಡಿ."

ಸಮಿತಿಯಲ್ಲಿದ್ದ ಏಕೈಕ ಹೆಂಗಸು, ನಿವೃತ್ತ ನರ್ಸಮ್ಮ, ಕನ್ನಡಕ ಹಾಕಿಕೊಂಡು ಮೂವತ್ತು ಫಾರಂಗಳನ್ನು ಪಟ್ಟಿಯೊಂದಿಗೆ ಹೋಲಿಸಿದರು. ಎಲ್ಲರೂ ಕಾದರು.

"ಸರಿಯಾಗಿದೆ," ಎಂದರು. "ಇಷ್ಟು ವರ್ಷ ನಾವು ಇದನ್ನ ಪಿಸುಗುಟ್ಟಿಕೊಂಡೇ ಕಳೆದ್ವಿ. ಈ ಹುಡುಗಿ ಮುಂದುವರಿಸಲಿ."

ಅಧ್ಯಯನಕ್ಕೆ ಇನ್ನೂ ಎರಡು ವರ್ಷ ಸಿಕ್ಕಿತು. ಗುಮಾಸ್ತನಿಗೆ ಸಂಜೆಯೊಳಗೆ ಗ್ರಂಥಾಲಯಕ್ಕೆ ವರ್ಗವಾಯಿತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳು ಅವನನ್ನು ತಡೆದಳು. "ಇಷ್ಟೊಂದು ಧೈರ್ಯ ಯಾಕೆ ಮಾಡಿದ್ರಿ?"

"ನಿಮ್ಮನ್ನ ಸುಳ್ಳುಗಾರ್ತಿ ಅನ್ನೋಕೆ ಹೊರಟಿದ್ರು. ಕೇಳಿಸಿಕೊಂಡು ನಿಂತಿರೋಕೆ ಆಗಲಿಲ್ಲ." ಅವನು ಕೈಚೀಲವನ್ನು ಭುಜದಿಂದ ಭುಜಕ್ಕೆ ಬದಲಿಸಿದ. "ಇನ್ನು ನಿಮ್ಮ ವಿಭಾಗದಲ್ಲಿ ಇರಲ್ಲ. ಅದೊಂದೇ ಬೇಜಾರು."

"ಒಳ್ಳೇದೇ ಆಯ್ತು," ಎಂದಳು ಅವಳು. "ಗಂಡ ಹೆಂಡತಿ ಒಂದೇ ವಿಭಾಗದಲ್ಲಿ ಇರೋ ಹಾಗಿಲ್ಲ ಅಂತ ಇಲ್ಲಿ ನಿಯಮ ಇದೆ."

ಅವನು ಎರಡು ಮೆಟ್ಟಿಲು ಇಳಿದು, ನಿಂತು, ತಿರುಗಿದ.

"ಆ ನಿಯಮ ಯಾವಾಗ ಓದಿದ್ರಿ?"

"ಬುಧವಾರ."